ಎಡಚ ಮಗ ಮತ್ತು ಅಪ್ಪನ ಹಾಕಿ

ನಮಸ್ಕಾರ. ನಿಮ್ಮ ಪತ್ರ ತುಂಬಾ ಕಾಡಿತು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಉಳಿದ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ನೀವು ವಿರಾಜಪೇಟೆ ಕಡೆಯವರು, ಕೆಲಸಕ್ಕೆ ಬೆಂಗಳೂರಿಗೆ ಬಂದು ನೆಲೆಸಿದವರು. ಶಾಲೆಯಲ್ಲಿ ಹಿಡಿದ ಹಾಕಿ ಸ್ಟಿಕ್ಕನ್ನು ಕಾಲೇಜು, ಆಫೀಸಿನ ತಂಡ ಅಂತ ಬಿಡದೇ ಹಿಡಿದುಕೊಂಡೇ ಬಂದವರು. ಈಗಲೂ ಏಪ್ರಿಲ್ ಬಂದರೆ ರಜೆ ಹಾಕಿ, ಕೊಡವ ಮನೆತನಗಳು ತಂಡ ಕಟ್ಟಿಕೊಂಡು ಆಡುವ ಕೌಟುಂಬಿಕ ಹಾಕಿಗೆ ಊರಿಗೆ ಹೋಗುತ್ತೀರಿ. ಹತ್ತು ವರ್ಷದ ಮಗನನ್ನು ಬೆಳಗಿನ ಕೋಚಿಂಗ್‌ಗೆ ಸೇರಿಸಿದಿರಿ. ಕೆಲವು ವಾರ ಹೋದ, ಈಗ ಸ್ಟಿಕ್ ಮುಟ್ಟುವುದಿಲ್ಲ. ಹುಡುಗ ಎಡಚ, ಅದಕ್ಕೆ ಅಲ್ಲಿ ಬೈಗುಳ ಬೇರೆ. ‘ಗಣೇಶ್, ಗೋವಿಂದ, ಸೋಮಯ್ಯ, ಸುಬ್ಬಯ್ಯ ಅಂಥವರ ಊರಿನ ಹುಡುಗ ಹಾಕಿ ಬೇಡ ಅಂತಾನಲ್ಲ, ಏನು ಮಾಡಲಿ?’ ಅಂತ ಕೇಳಿದ್ದೀರಿ. ಆ ನಾಲ್ವರೂ ಭಾರತಕ್ಕೆ ಹಾಕಿ ಆಡಿದ ಕೊಡಗಿನವರು.

ಮೊದಲು ಆ ಎಡಗೈ ವಿಷಯ. ನಿಮಗೆ ಗೊತ್ತಿರುವುದೇ, ಆದರೆ ಮಗನಿಗೆ ಯಾರೂ ಬಿಡಿಸಿ ಹೇಳಿದಂತಿಲ್ಲ. ಕ್ರಿಕೆಟ್‌ನಲ್ಲಿ ಎಡಗೈ ಬ್ಯಾಟಿಂಗ್ ಇದೆ, ಟೆನಿಸ್‌ನಲ್ಲಿ ಎಡಗೈ ಆಟ ಇದೆ, ಹಾಕಿಯಲ್ಲಿ ಮಾತ್ರ ಎಡಚರಿಗೆ ಅಂತ ಬೇರೆ ಸ್ಟಿಕ್ ಇಲ್ಲ. ಚಪ್ಪಟೆ ಮುಖ ಇರುವುದು ಎಡಬದಿಗೆ ಮಾತ್ರ, ಉಬ್ಬಿದ ಹಿಂಬದಿಯಲ್ಲಿ ಚೆಂಡು ಆಡಿದರೆ ಫೌಲ್. ಹೀಗಾಗಿ ಎಡಚ ಹುಡುಗನಿಗೆ ಮೊದಮೊದಲು ಎಲ್ಲ ಉಲ್ಟಾ ಅನ್ನಿಸುತ್ತದೆ, ಹೊಡೆತಕ್ಕೆ ಬಲ ಬರುವುದಿಲ್ಲ. ಆದರೆ ಸ್ಟಿಕ್‌ನ ಮೇಲ್ತುದಿ ಹಿಡಿಯುವುದು ಯಾವ ಕೈ? ಎಡಗೈ ಅಲ್ವಾ? ಡ್ರಿಬಲ್ ಮಾಡುವಾಗ ಸ್ಟಿಕ್ಕನ್ನು ಆ ಕಡೆ ಈ ಕಡೆ ಹೊರಳಿಸುವುದು ಎಡಗೈಯ ಮಣಿಕಟ್ಟು, ಬಲಗೈ ಕೆಳಗೆ ಸಡಿಲವಾಗಿ ಆಸರೆ ಕೊಡುತ್ತದೆ ಅಷ್ಟೇ. ಬಲಗೈ ಮಕ್ಕಳು ವರ್ಷಗಟ್ಟಲೆ ಪಳಗಿಸಬೇಕಾದ ಕೈ ನಿಮ್ಮ ಮಗನಿಗೆ ಹುಟ್ಟಿನಿಂದಲೇ ಬಲವಾಗಿದೆ. ಇದನ್ನು ಅವನಿಗೆ ಹೇಳಿ. ಸಮಾಧಾನಕ್ಕೆ ಅಲ್ಲ, ನಿಜ ಅಂತ ಹೇಳಿ.

ಆಮೇಲೆ ಸ್ಟಿಕ್. ನಿಮ್ಮ ಹಳೇ ಸ್ಟಿಕ್ಕನ್ನೇ ಪ್ರೀತಿಯಿಂದ ಕೊಟ್ಟಿದ್ದೀರಿ, ಅರ್ಥವಾಗುತ್ತದೆ. ಆದರೆ ದೊಡ್ಡವರ 37 ಇಂಚಿನ ಸ್ಟಿಕ್ ಹತ್ತು ವರ್ಷದವನ ಕೈಯಲ್ಲಿ ಅಡಿಕೆ ಕೊಯ್ಯುವ ದೋಟಿಯ ಹಾಗಿರುತ್ತದೆ. ಅವನ ಸೊಂಟದ ಮೂಳೆಯ ಮಟ್ಟಕ್ಕೆ ಬರುವಂಥದ್ದು ಕೊಡಿಸಿ, 32–33 ಇಂಚಿನದು ಸಾಕಾಗಬಹುದು. ನಿಮ್ಮದು ಗೋಡೆ ಮೇಲೆ ಇರಲಿ, ಕೇಳಿದ ದಿನ ಕೊಡಿ.

ಇಷ್ಟು ಕೈಗೆ, ಕೋಲಿಗೆ ಸಂಬಂಧಪಟ್ಟಿದ್ದು. ನಾನು ನಿಜವಾಗಿ ಹೇಳಬೇಕು ಅಂದುಕೊಂಡದ್ದು ಬೇರೆ ಇದೆ.

ನೀವು ಪ್ರತಿ ವರ್ಷ ಹೋಗುವ ಆ ಕೌಟುಂಬಿಕ ಹಾಕಿಯನ್ನೇ ನೋಡಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ ಬಂದದ್ದು 60 ಮನೆತನಗಳ ತಂಡ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡ. ಇಷ್ಟು ಬೆಳೆದದ್ದು ಹೇಗೆ? ಅಲ್ಲಿ ಆಟ ಬಂದ ಮೇಲೆ ಜಾಗ ಸಿಗುವುದಲ್ಲ, ಜಾಗ ಮೊದಲೇ ಇರುತ್ತದೆ. ಒಕ್ಕದವರು, ಅಂದರೆ ಮನೆತನದವರು ಅಂದ ಮೇಲೆ ತಂಡದವರೇ. ಅಜ್ಜನ ವಯಸ್ಸಿನವರು ಇಳಿಯುತ್ತಾರೆ, ಹೆಣ್ಣುಮಕ್ಕಳು ಗಂಡಸರ ಜೊತೆ ಒಂದೇ ತಂಡದಲ್ಲಿ ಆಡುತ್ತಾರೆ, ಒಲಿಂಪಿಕ್ಸ್ ಆಡಿ ಬಂದವರ ಪಕ್ಕದಲ್ಲಿ ವರ್ಷಕ್ಕೊಂದು ಸಲ ಸ್ಟಿಕ್ ಹಿಡಿಯುವವರೂ ಓಡುತ್ತಾರೆ. ನಾನು ಅಲ್ಲಿ ಒಂದು ಮ್ಯಾಚ್ ನೋಡಿದ್ದೆ. ಬ್ಯಾಕ್ ಆಡುತ್ತಿದ್ದ ಅಪ್ಪ ಚೆಂಡು ತಡೆದು ಎದುರಿಗೆ ಪುಶ್ ಮಾಡಿದರು, ರೈಟ್ ವಿಂಗ್‌ನಲ್ಲಿದ್ದ ಮಗಳು ಅದನ್ನು ಬಿಟ್ಟಳು, ಚೆಂಡು ಸೀದಾ ಸೈಡ್‌ಲೈನ್ ದಾಟಿತು. ಅಪ್ಪ ಏನೂ ಅನ್ನಲಿಲ್ಲ, ಮುಂದಿನ ಚೆಂಡನ್ನೂ ಅವಳಿಗೇ ಕೊಟ್ಟರು. ಆ ಎರಡನೇ ಪಾಸ್ ಇದೆಯಲ್ಲ, ನನ್ನ ಪ್ರಕಾರ ಮಕ್ಕಳಿಗೆ ಆಟ ದಾಟುವುದು ಅಲ್ಲಿಂದ.

ನಿಮ್ಮ ಮಗನಿಗೆ ಸಿಕ್ಕಿದ್ದು ಏನು? ನಿದ್ದೆಗಣ್ಣಿನ ಬೆಳಗು, ಗುರುತಿಲ್ಲದ ಮಕ್ಕಳು, ಬೈಗುಳ. ನೀವು ಗೇಟಿನಲ್ಲಿ ಇಳಿಸಿ ಆಫೀಸಿಗೆ ಹೋಗುತ್ತೀರಿ. ಅದರಲ್ಲಿ ಹಾಕಿ ಇದೆ, ನೀವಿಲ್ಲ. ಸದ್ಯಕ್ಕೆ ಆ ಕೋಚಿಂಗ್ ಬಿಡಿಸಿಬಿಡಿ.

ನಿಮ್ಮ ಪತ್ರದ ಕೊನೆಯಲ್ಲಿ, ದೂರು ಹೇಳುವಾಗ, ನೀವು ಸುಮ್ನೆ ಒಂದು ಸಾಲು ಬರೆದಿದ್ದೀರಿ. ಹೋದ ವರ್ಷ ಊರಿನಲ್ಲಿ ಮ್ಯಾಚ್ ನೋಡುವಾಗ ಅವನು ‘ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್ ಕಾಯೋರು ಚೆಂಡಿನ ಕಡೆಗೇ ಓಡ್ತಾರಲ್ಲ, ಏಟು ಬೀಳಲ್ವಾ?’ ಅಂತ ಕೇಳಿದನಂತೆ. ನೀವು ‘ಆಮೇಲೆ ಹೇಳ್ತೀನಿ’ ಅಂದಿರಂತೆ. ಆಟದ ಮೇಲೆ ಮನಸ್ಸಿಲ್ಲದ ಹುಡುಗ ಇಂಥ ಪ್ರಶ್ನೆ ಕೇಳುವುದಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಟೇಬಲ್ ಮೇಲೆ ಕಾಫಿ ಬೀಜ ಇಟ್ಟುಕೊಂಡು ಕೂರಿ. ಗೋಲ್ ಕಾಯುವ ತಂಡದ ಐದು ಬೀಜ ಗೋಲ್‌ಲೈನ್ ಹಿಂದೆ, ಉಳಿದ ಆರು ಅರ್ಧಗೆರೆಯ ಆಚೆ. ಎದುರಾಳಿ ಗೋಲ್‌ಲೈನ್‌ನಿಂದ ತಳ್ಳಿದ ಚೆಂಡು ಸರ್ಕಲ್‌ನಿಂದ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದಿಂದ, ಹೊರಗೆ ಹೋಗಿ ಬರುವ ತನಕ ಅವರು ಗೋಲ್ ಹೊಡೆಯುವ ಹಾಗಿಲ್ಲ, ಮೊದಲು ಓಡುವವನಿಗೆ ಸಿಗುವುದು ಆ ಒಂದು ಚೂರು ಸಮಯ. ಅವನು ಹತ್ತಿರ ಹೋದಷ್ಟೂ ಹೊಡೆಯುವವನಿಗೆ ಕೋನ ಕಿರಿದಾಗುತ್ತದೆ. ಏಟು? ಬೀಳುತ್ತದೆ, ಅದಕ್ಕೇ ಮುಖಕ್ಕೆ ಮಾಸ್ಕ್. ಆಮೇಲೆ ಭಾರತಕ್ಕೆ ಆಡಿದ ನಮ್ಮ ಕೊಡಗಿನ ರಘುನಾಥ್ ಅವರ ಡ್ರ್ಯಾಗ್ ಫ್ಲಿಕ್ (ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿಗೆ ಎಸೆಯುವ ಹೊಡೆತ) ವಿಡಿಯೋ ಹಾಕಿ, ಇಬ್ಬರೂ ನೋಡಿ.

ಇಷ್ಟೆಲ್ಲ ಆದ ಮೇಲೂ ಅವನು ಹಾಕಿ ಆಡದೇ ಇರಬಹುದು. ಪ್ರಕಾಶ್ ಪಡುಕೋಣೆ ಅವರಿಗೆ ಬ್ಯಾಡ್ಮಿಂಟನ್ ಹಿಡಿಸಿದ್ದು ತಂದೆ ರಮೇಶ್ ಪಡುಕೋಣೆ, ಅದು 1980ರ ಆಲ್ ಇಂಗ್ಲೆಂಡ್ ಪ್ರಶಸ್ತಿಯ ತನಕ ಹೋಯಿತು. ಪ್ರಕಾಶ್ ಮಗಳು ದೀಪಿಕಾ ರಾಷ್ಟ್ರಮಟ್ಟದಲ್ಲಿ ಆಡಿ, ಆಮೇಲೆ ಬಿಟ್ಟು ತನ್ನ ದಾರಿ ಹಿಡಿದರು. ಆ ಮನೆಯಲ್ಲೇ ಹಾಗಾಗಿದೆ, ನಿಮ್ಮ ಮನೆಯಲ್ಲಿ ಆದರೆ ಅದು ಸೋಲಲ್ಲ. ನಿಮ್ಮ ಜೊತೆ ಕೂತು ಮ್ಯಾಚ್ ನೋಡುವ ಮಗ ಸಿಕ್ಕರೂ ಅದು ದೊಡ್ಡದೇ.

ಏಪ್ರಿಲ್‌ನಲ್ಲಿ ಅವನನ್ನು ಖಂಡಿತ ಕರೆದುಕೊಂಡು ಹೋಗಿ. ನಿಮ್ಮ ಒಕ್ಕದ ಕ್ಯಾಪ್ಟನ್‌ಗೆ ಈಗಲೇ ಫೋನ್ ಮಾಡಿ, ತಂಡದ ಪಟ್ಟಿಯ ಕೊನೆಯಲ್ಲಿ ಅವನ ಹೆಸರು ಸೇರಿಸಲು ಆಗುತ್ತದಾ ಕೇಳಿ. ಬೆಂಚ್ ಮೇಲೆ ಕೂತಿದ್ದರೂ ಪರವಾಗಿಲ್ಲ, ಜರ್ಸಿ ಇರಲಿ. ಕೊನೆಯ ನಾಲ್ಕೈದು ನಿಮಿಷ ಇಳಿಯುತ್ತೀಯಾ ಅಂತ ಅವನನ್ನೇ ಕೇಳಿ, ಬೇಡ ಅಂದರೆ ಬಲವಂತ ಬೇಡ. ಹೊರಡುವ ಮೊದಲು ಅವನ ಅಳತೆಯ ಶಿನ್ ಗಾರ್ಡ್ ಮತ್ತು ಮೌತ್ ಗಾರ್ಡ್ ಮರೆಯದೇ ಕೊಳ್ಳಿ, ಮಣ್ಣಿನ ಮೈದಾನದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆ ಅಂತ ನಿಮಗೆ ಚೆನ್ನಾಗಿ ಗೊತ್ತು.

— ಸಂ.