ವಾಚ್ ಪ್ರಶ್ನೋತ್ತರ: ಅಪ್ಪನ ಜನತಾ ವಾಚಿಗೆ ಎಲ್ಲಿವರೆಗೆ ಕೈ ಹಾಕಬೇಕು?

(ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿದ್ದು, ಈಗ ಮನೆಯಲ್ಲೇ ಹಳೆ ವಾಚುಗಳ ಸರ್ವಿಸ್ ಮಾಡುವ ನಮ್ಮ ಅಂಕಣಗಾರ್ತಿ ಓದುಗರಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ತಂದೆ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದರು. 1974ರಲ್ಲಿ ಅರಿಯರ್ಸ್ ದುಡ್ಡು ಬಂದಾಗ ಎಚ್‌ಎಂಟಿ ಜನತಾ ವಾಚ್ ಕೊಂಡರು. ರಿಟೈರ್ ಆದಮೇಲೂ ಅದನ್ನೇ ಕಟ್ಟುತ್ತಿದ್ದರು. ಅವರು ತೀರಿಕೊಂಡ ಮೇಲೆ ಬೀರುವಿನಲ್ಲೇ ಉಳಿದಿತ್ತು. ಈಗ ಕೀ ಕೊಟ್ಟರೆ ಎರಡು ಗಂಟೆ ಓಡಿ ನಿಲ್ಲುತ್ತದೆ. ಬಿಳಿ ಡಯಲ್ ಹಳದಿಯಾಗಿದೆ, ನಾಲ್ಕರ ಹತ್ತಿರ ನೀರು ಇಳಿದ ಕಲೆ. ಗಾಜಿನ ತುಂಬಾ ಗೀರು. ಬೆಲ್ಟ್ ಸಿಕ್ಕಿಸುವ ಕಡೆ ಹೊಳಪು ಹೋಗಿ ಹಿತ್ತಾಳೆ ಕಾಣುತ್ತದೆ. ಹಿಂದಿನ ಮುಚ್ಚಳದ ಮೇಲೆ ಅಪ್ಪನ ಇನಿಷಿಯಲ್ಸ್ ಕೆತ್ತಿಸಿದ್ದಾರೆ. ತುಮಕೂರಿನ ಅಂಗಡಿಯೊಂದರಲ್ಲಿ ‘ಡಯಲ್ ಪೇಂಟ್, ಕೇಸ್ ಪಾಲಿಶ್, ಕ್ರೋಮ್ ಎಲ್ಲ ಸೇರಿ ಎರಡೂವರೆ ಸಾವಿರ, ಶೋರೂಮ್ ಪೀಸ್ ಮಾಡಿಕೊಡ್ತೀನಿ’ ಎಂದರು. ಅಣ್ಣ ಮಾಡಿಸಿಬಿಡು ಅನ್ನುತ್ತಾನೆ. ಅಮ್ಮ ‘ಅದರ ಮೈ ಮುಟ್ಟಬೇಡಿ’ ಅನ್ನುತ್ತಾರೆ. ವೈಶಾಖದಲ್ಲಿ ಮಗನ ಮದುವೆ, ಅವತ್ತು ಅವನ ಕೈಗೆ ಕಟ್ಟಬೇಕೆಂದು ನನಗೆ ಆಸೆ. ಎಲ್ಲಿವರೆಗೆ ಮಾಡಿಸಲಿ? ಫ್ಯಾಕ್ಟರಿಯಲ್ಲೇ ಯಾರಾದರೂ ಮಾಡಿಕೊಡುತ್ತಾರೆಯೇ?
— ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ಆ ಅಂಗಡಿಯವರಿಗೆ ‘ಸದ್ಯಕ್ಕೆ ಬೇಡ’ ಅಂತ ಹೇಳಿಬಿಡಿ. ವಾಚ್ ಅಲ್ಲೇ ಬಿಟ್ಟು ಬಂದಿದ್ದರೆ ಇವತ್ತೇ ಹೋಗಿ ತನ್ನಿ.

ಫ್ಯಾಕ್ಟರಿ ಈಗಿಲ್ಲ. ನಮ್ಮ ತುಮಕೂರಿನ ವಾಚ್ ಕಾರ್ಖಾನೆ ಶುರುವಾದದ್ದು 1978ರಲ್ಲಿ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2016ರ ಜನವರಿಯಲ್ಲಿ. ಆಮೇಲೆ ಇಲ್ಲಿನ ಜಾಗ ಇಸ್ರೋಗೆ ಹೋಯಿತು. ಹಾಗೆ ನೋಡಿದರೆ ನಿಮ್ಮ ತಂದೆಯವರ ವಾಚ್ ತುಮಕೂರಿನದ್ದೂ ಅಲ್ಲ. 1974ರ ಹೊತ್ತಿಗೆ ಇಲ್ಲಿ ಕಾರ್ಖಾನೆಯೇ ಇರಲಿಲ್ಲ, ಅದು ಬೆಂಗಳೂರಿನದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಅಲ್ಲಿ ವಾಚ್ ತಯಾರಿಕೆ ಆರಂಭವಾಗಿತ್ತು. ಕಾರ್ಖಾನೆ ಮುಚ್ಚಿದರೂ ನೀವು ಹೆದರಬೇಕಿಲ್ಲ. ಜನತಾ, ಪೈಲಟ್ ಥರದ ವಾಚುಗಳು ದೇಶದ ತುಂಬಾ ಲಕ್ಷಗಟ್ಟಲೆ ಕೈಗಳಲ್ಲಿದ್ದವು. ಕೆಟ್ಟುಹೋದ ಇನ್ನೊಂದು ವಾಚಿನಿಂದ ಬಿಚ್ಚಿದ ಭಾಗವಾದರೂ ಸರಿ, ಬಿಡಿಭಾಗ ಇವತ್ತಿಗೂ ಸಿಗುತ್ತದೆ.

ಇನ್ನು ನಿಮ್ಮ ಅಸಲು ಪ್ರಶ್ನೆ. ಯಾವ ಹಳೆ ವಾಚ್ ನನ್ನ ಮೇಜಿಗೆ ಬಂದರೂ ನಾನು ಕೇಳಿಕೊಳ್ಳುವುದು ಇಷ್ಟೇ: ಇವತ್ತು ಮಾಡಿದ್ದನ್ನು ನಾಳೆ ಬೇಡವೆಂದರೆ ಮೊದಲಿನ ಹಾಗೆ ಮಾಡಲು ಆಗುತ್ತದೆಯೇ? ಒಳಗಿನ ಮಷಿನ್ ಬಿಚ್ಚಿ ತೊಳೆದು ಎಣ್ಣೆ ಬಿಟ್ಟರೆ ಏನೂ ಕಳೆದುಹೋಗುವುದಿಲ್ಲ. ಗಾಜು ಬದಲಿಸಿದರೆ ಹಳೆಯದನ್ನು ಎತ್ತಿಡಬಹುದು. ಡಯಲ್ ಕೆರೆದು ಬಣ್ಣ ಹೊಡೆದರೆ, ಕೇಸನ್ನು ಚಕ್ರಕ್ಕೆ ಹಿಡಿದು ಉಜ್ಜಿದರೆ, ಹೋದದ್ದು ಹೋಯಿತು. ಅಣ್ಣನ ಮಾತು ಒಳಗಿನ ಮಷಿನ್‌ಗೆ ಅನ್ವಯಿಸಿ, ಅಮ್ಮನ ಮಾತನ್ನು ಡಯಲ್‌ಗೂ ಕೇಸಿಗೂ ಅನ್ವಯಿಸಿ.

ಮಷಿನ್ ವಿಚಾರದಲ್ಲಿ ಕಂಜೂಸುತನ ಬೇಡ. ಎರಡು ಗಂಟೆ ಓಡಿ ನಿಲ್ಲುತ್ತದೆ ಅಂದರೆ ಬಹುಮಟ್ಟಿಗೆ ಒಳಗಿನ ಎಣ್ಣೆ ಒಣಗಿದೆ. ವಾಚ್ ಕಟ್ಟಿದರೂ ಕಟ್ಟದಿದ್ದರೂ ಎಣ್ಣೆ ಕೆಡುತ್ತದೆ. ದೇವರ ಮನೆಯಲ್ಲಿ ತೊಳೆಯದೆ ಬಿಟ್ಟ ದೀಪದ ಬಟ್ಟಲಿನ ತಳದಲ್ಲಿ ಜಿಡ್ಡು ಕೂರುತ್ತದಲ್ಲ, ಹಾಗೆ ಚಕ್ರಗಳ ಅಚ್ಚಿನ ಮೊನೆಯಲ್ಲಿ ಕೂತಿರುತ್ತದೆ. ಆ ಸ್ಥಿತಿಯಲ್ಲಿ ದಿನಾ ಕೀ ಕೊಟ್ಟು ಓಡಿಸಿ ನೋಡಬೇಡಿ, ಎಣ್ಣೆಯಿಲ್ಲದ ಮೊನೆ ಸವೆಯುತ್ತದೆ. ಕೀ ಕೊಟ್ಟಾಗ ಸುತ್ತಿಕೊಂಡು ವಾಚ್ ಓಡಿಸುವ ಮೇನ್ ಸ್ಪ್ರಿಂಗ್ ಸೋತಿದ್ದರೂ ವಾಚ್ ಹೀಗೇ ನಿಲ್ಲುತ್ತದೆ. ಯಾವುದು ಅನ್ನುವುದು ಬಿಚ್ಚಿದಾಗಲೇ ಗೊತ್ತಾಗುವುದು.

ಸರ್ವಿಸ್ ಅಂತ ಎಲ್ಲರೂ ಹೇಳುತ್ತಾರೆ, ಮಾಡುವ ರೀತಿ ಬೇರೆ ಬೇರೆ. ಕೆಲವರು ಮಷಿನನ್ನು ಬಿಚ್ಚದೆ ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ, ಒಣಗಿಸಿ, ಮೇಲಿಂದ ಎಣ್ಣೆ ಬಿಟ್ಟು ಕೊಡುತ್ತಾರೆ. ವಾಚ್ ಓಡುತ್ತದೆ, ನೀವು ಖುಷಿಯಾಗಿ ಮನೆಗೆ ಬರುತ್ತೀರಿ. ಆದರೆ ಜಿಡ್ಡು ಕರಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿರುತ್ತದೆ ಅಷ್ಟೆ, ಕೆಲವೇ ತಿಂಗಳಲ್ಲಿ ಮತ್ತೆ ನಿಲ್ಲುತ್ತದೆ. ಕೊಡುವ ಮೊದಲೇ ‘ಪೂರ್ತಿ ಬಿಚ್ಚಿ ಮಾಡ್ತೀರಾ?’ ಎಂದು ಕೇಳಿ. ಪೂರ್ತಿ ಅಂದರೆ ಒಂದೊಂದು ಚಕ್ರ, ಒಂದೊಂದು ಸ್ಕ್ರೂ ಹೊರಗೆ ಬರಬೇಕು. ಮೇನ್ ಸ್ಪ್ರಿಂಗ್ ಡಬ್ಬಿಯ ಮುಚ್ಚಳವೂ ತೆರೆಯಬೇಕು.

ಡಯಲ್ ಮೇಲೆ ‘17 ಜ್ಯುವೆಲ್ಸ್’ ಅಂತ ಇರುತ್ತದಲ್ಲ, ಅದು ಬರೀ ಅಂದಕ್ಕಲ್ಲ. ಕೃತಕ ಮಾಣಿಕ್ಯದ ಆ ಚಿಕ್ಕ ಬಿಲ್ಲೆಗಳ ತೂತಿನಲ್ಲೇ ಚಕ್ರಗಳ ಮೊನೆ ತಿರುಗುವುದು. ಕಣ್ಣಿಗೆ ಗ್ಲಾಸ್ ಸಿಕ್ಕಿಸಿಕೊಂಡು ನೋಡಿದರೆ ತೂತಿರುವ ಕಲ್ಲಿನ ನಡುವೆ ಒಂದು ತಗ್ಗು ಬಟ್ಟಲು ಕಾಣುತ್ತದೆ. ಸೂಜಿಗಿಂತ ಸಣ್ಣ ಕಡ್ಡಿಯ ತುದಿಯಲ್ಲಿ ಎಣ್ಣೆ ಮುಟ್ಟಿಸಿದರೆ ಅದು ಮೊನೆಯ ಸುತ್ತ ಒಂದು ಉಂಗುರವಾಗಿ ನಿಲ್ಲಬೇಕು. ಬಟ್ಟಲು ತುಂಬಿ ಹೊರಗೆ ಹರಿದರೆ ಹೆಚ್ಚಾಯಿತು ಅಂತ ಲೆಕ್ಕ, ಮತ್ತೆ ತೊಳೆಯಬೇಕು. ಎಡಬಲ ತೂಗುತ್ತಾ ವಾಚಿನ ವೇಗ ಹಿಡಿದಿಡುವ ಬ್ಯಾಲೆನ್ಸ್ ಚಕ್ರವನ್ನು ತಟ್ಟುವ ಫೋರ್ಕಿನ ಮೊನೆಗಳಿಗಂತೂ ಎಣ್ಣೆ ಹಾಕುವುದೇ ಇಲ್ಲ, ಹಾಕಿದರೆ ಅದರ ಚುರುಕು ಹೋಗುತ್ತದೆ. ಈ ಕೆಲಸಕ್ಕೆ ಒಳ್ಳೆಯ ಕೈ ಬೇಕು, ಸಮಯವೂ ಬೇಕು. ನಿಮ್ಮ ಎರಡೂವರೆ ಸಾವಿರದಲ್ಲಿ ದೊಡ್ಡ ಪಾಲು ಹೋಗಬೇಕಾದದ್ದು ಇಲ್ಲಿಗೆ. ಸರಿಯಾಗಿ ಮಾಡಿದ ಜನತಾ ಒಂದು ಸಲ ಪೂರ್ತಿ ಕೀ ಕೊಟ್ಟರೆ ಒಂದು ದಿನ ದಾಟಿ ಓಡುತ್ತದೆ. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಅದನ್ನು ದೋಷ ಅನ್ನಬೇಡಿ. ಮೊಬೈಲಿನ ಸೆಕೆಂಡಿಗೆ ಹೋಲಿಸಿ ‘ಇನ್ನೂ ಟೈಟ್ ಮಾಡಿ’ ಎಂದು ಒತ್ತಾಯಿಸುವವರಿದ್ದಾರೆ, ಆ ಕಾಟಕ್ಕೆ ಬ್ಯಾಲೆನ್ಸ್ ಚಕ್ರದ ಸುರುಳಿ ಹೇರ್ ಸ್ಪ್ರಿಂಗ್ ಸೊಟ್ಟಗಾದ ವಾಚುಗಳನ್ನು ನೋಡಿದ್ದೇನೆ.

ಡಯಲ್‌ಗೆ ಯಾರ ಕೈಯೂ ಬೇಡ. ನಾನು ಇಷ್ಟು ಕಟುವಾಗಿ ಹೇಳುವುದಕ್ಕೆ ಕಾರಣವಿದೆ. ಡಯಲ್ ಪೇಂಟ್ ಅಂದರೆ ಹಳೆಯ ಬಣ್ಣ, ಅಕ್ಷರ, ನಿಮಿಷದ ಗೆರೆ ಎಲ್ಲ ಕೆರೆದು ತೆಗೆದು, ಹೊಸ ಬಣ್ಣ ಹೊಡೆದು, ಸುಮಾರಾಗಿ ಹೋಲುವ ಅಚ್ಚಿನಿಂದ ಮತ್ತೆ ಒತ್ತುವುದು. ಕಾರ್ಖಾನೆಯಲ್ಲಿ ಒತ್ತಿದ ಅಕ್ಷರ ಕೂದಲೆಳೆಯಷ್ಟು ತೆಳು, ಅಂಚು ಚೂಪು. ಪೇಂಟ್ ಮಾಡಿದ್ದರಲ್ಲಿ ಅಕ್ಷರ ದಪ್ಪಗಾಗಿರುತ್ತದೆ, ನಿಮಿಷದ ಗೆರೆ ಗಂಟೆಯ ಗುರುತಿಗೆ ನೇರವಾಗಿ ಕೂರುವುದಿಲ್ಲ. ಆನ್‌ಲೈನಿನಲ್ಲಿ ಕಡುಕೆಂಪು, ಗಿಳಿಹಸಿರು ಬಣ್ಣದ ಥಳಥಳ ಹೊಳೆಯುವ ಜನತಾಗಳು ಬೇಕಾದಷ್ಟು ಸಿಗುತ್ತವೆ, ಅವುಗಳಲ್ಲಿ ಎಷ್ಟೋ ಬಣ್ಣ ಎಚ್‌ಎಂಟಿ ಮಾಡಿದ್ದೇ ಅಲ್ಲ. ನಿಮ್ಮದು 1974ರ ಡಯಲ್. ಅದು ಹಳದಿಯಾದದ್ದು ನಿಮ್ಮ ತಂದೆಯವರ ಕೈಯಲ್ಲಿ. ಆ ಕಲೆ ಯಾವ ಮಳೆಯದ್ದು ಅಂತ ಅಮ್ಮನಿಗೆ ನೆನಪಿರಲೂಬಹುದು, ಒಂದು ಸಲ ಕೇಳಿ ನೋಡಿ. ರಬ್ಬರ್ ಬುರುಡೆಯಿಂದ ಗಾಳಿ ಊದಿ ಧೂಳು ತೆಗೆದರೆ ಸಾಕು. ಒದ್ದೆ ಹತ್ತಿ ಮುಟ್ಟಿಸಿದರೂ ಅಕ್ಷರ ಕಿತ್ತು ಬರುವ ಸಂಭವ ಇದೆ. ಮುಳ್ಳುಗಳೂ ಅವೇ ಇರಲಿ.

ಕೇಸ್ ಹಿತ್ತಾಳೆಯದು, ಮೇಲೆ ಕ್ರೋಮ್ ಲೇಪ. ಹೊಸ ಲೇಪ ಕೂರಬೇಕಾದರೆ ಹಳೆಯದನ್ನು ಪೂರ್ತಿ ತೆಗೆದು ಹಿತ್ತಾಳೆಯನ್ನು ಉಜ್ಜಿ ನುಣ್ಣಗೆ ಮಾಡಲೇಬೇಕು. ಆಗ ಬೆಲ್ಟ್ ಸಿಕ್ಕಿಸುವ ಕಾಲುಗಳ ಏಣು ಉರುಟಾಗುತ್ತದೆ, ವಾಚಿನ ಆಕಾರವೇ ಬದಲಾಗುತ್ತದೆ. ಹಿಂದಿನ ಮುಚ್ಚಳವನ್ನೂ ‘ಜೊತೆಗೆ ಒಂದು ಕೈ ಹೊಡೆದುಬಿಡೋಣ’ ಅನ್ನುತ್ತಾರೆ, ಇನಿಷಿಯಲ್ಸ್ ಅಳಿಸಿಹೋಗುತ್ತದೆ. ಮುಚ್ಚಳದ ಒಳಮೈಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹಿಂದೆ ರಿಪೇರಿ ಮಾಡಿದವರು ಸೂಜಿಮೊನೆಯಿಂದ ಗೀಚಿಟ್ಟ ಸಣ್ಣ ಗುರುತು, ತಾರೀಖು ಇರಬಹುದು. ಯಾವ ವರ್ಷ ಅಪ್ಪ ಸರ್ವಿಸ್ ಮಾಡಿಸಿದ್ದರು ಅನ್ನುವುದು ಅಲ್ಲಿ ಸಿಕ್ಕಿದರೂ ಸಿಕ್ಕೀತು. ಮಷಿನ್ ಹೊರಗೆ ತೆಗೆದಾಗ ಖಾಲಿ ಕೇಸನ್ನು ಮೆತ್ತನೆ ಬ್ರಷ್, ಸೋಪಿನ ನೀರಿನಲ್ಲಿ ತೊಳೆದು, ಕಿಲುಬು ಇದ್ದರೆ ಬಿದಿರು ಕಡ್ಡಿಯಲ್ಲಿ ಬಿಡಿಸಿದರೆ ಆಯಿತು. ಒಂದು ಸಂದರ್ಭದಲ್ಲಿ ಮಾತ್ರ ನಾನು ಬೇರೆ ಮಾತು ಹೇಳುತ್ತೇನೆ: ಲೇಪ ಹೋದ ಕಡೆ ಮಗನ ಮೈ ತುರಿಸಿದರೆ, ಕೆಂಪಾದರೆ. ಕ್ರೋಮ್ ಅಡಿಯಲ್ಲಿ ಸಾಮಾನ್ಯವಾಗಿ ನಿಕಲ್ ಪದರ ಇರುತ್ತದೆ, ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ. ಆಗಲೂ ಈ ಕೇಸಿಗೆ ಕ್ರೋಮ್ ಹಾಕಿಸಬೇಡಿ. ಇನ್ನೊಂದು ಜನತಾ ಕೇಸ್ ಹುಡುಕಿ ಮಷಿನನ್ನು ಅದರಲ್ಲಿ ಕೂರಿಸಿ, ಅಪ್ಪನ ಕೇಸನ್ನು ಹಾಗೇ ಎತ್ತಿಡಿ.

ಗಾಜಿನ ಬಗ್ಗೆ ಯೋಚನೆಯೇ ಬೇಡ. ಅದು ಪ್ಲಾಸ್ಟಿಕ್ಕಿನದು, ಮೇಲ್ಮೇಲಿನ ಗೀರು ಬ್ರಾಸೋ ಹಚ್ಚಿ ಹತ್ತಿಬಟ್ಟೆಯಲ್ಲಿ ತಿಕ್ಕಿದರೆ ಹೋಗುತ್ತದೆ. ಬಿರುಕಿದ್ದರೆ ಬದಲಿಸಿ, ಬಿರುಕಿನಲ್ಲೇ ಬೆವರು, ಧೂಳು ಒಳಗೆ ಹೋಗುವುದು. ಬೆಲ್ಟ್ ಹೊಸದು ಹಾಕಿಸಿ. ಬೆಲ್ಟ್ ಹಿಡಿದಿಡುವ ಸ್ಪ್ರಿಂಗ್ ಕಡ್ಡಿಗಳನ್ನಂತೂ ಮರೆಯದೆ ಬದಲಿಸಿ. ಹಳೆಯ ಕಡ್ಡಿ ಕಿತ್ತು ಛತ್ರದ ಗ್ರಾನೈಟ್ ಮೇಲೆ ಬಿದ್ದರೆ ಬ್ಯಾಲೆನ್ಸ್ ಚಕ್ರದ ಮೊನೆ ಮುರಿದಂತೆಯೇ. ಮಗನಿಗೂ ಒಂದು ಮಾತು ಹೇಳಿಡಿ: ಧಾರೆ ಎರೆಯುವ ಹೊತ್ತಿಗೆ ವಾಚ್ ಬಿಚ್ಚಿ ಅಜ್ಜಿಯ ಕೈಗೆ ಕೊಡಲಿ. ಇದಕ್ಕೆ ನೀರು ತಡೆಯುವ ಶಕ್ತಿ ಇಲ್ಲ.

ವಾಚ್ ಕೊಡುವ ದಿನ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಡಯಲ್, ಮುಳ್ಳು, ಕೇಸ್, ಮುಚ್ಚಳ ಮುಟ್ಟುವಂತಿಲ್ಲ ಎಂದು ರಸೀದಿಯಲ್ಲೇ ಬರೆಸಿ. ಬದಲಿಸಿದ ಭಾಗ ಸವೆದ ಸ್ಕ್ರೂ ಆದರೂ ಸರಿ, ಪೊಟ್ಟಣ ಕಟ್ಟಿಸಿ ವಾಪಸ್ ತನ್ನಿ. ಮುಂದೆ ನಿಮ್ಮ ಮೊಮ್ಮಗನಿಗೆ ಹೊಸ ಡಯಲ್ಲೇ ಬೇಕು ಅನ್ನಿಸಿದರೆ ಅವನು ಆಗ ಮಾಡಿಸಿಕೊಳ್ಳಲಿ, ಈ ಡಯಲ್ ಇದ್ದರೆ ತಾನೇ ಅವನು ಯೋಚನೆ ಮಾಡುವುದು.

ಪ್ರಶ್ನೆ: ಅಜ್ಜನ ಸ್ವಿಸ್ ವಾಚ್ ಇದೆ, ಸ್ವಾತಂತ್ರ್ಯಕ್ಕೂ ಮುಂಚಿನದು. ಕತ್ತಲಲ್ಲಿ ಹೊಳೆಯುತ್ತಿದ್ದ ಅಂಕಿಗಳು ಈಗ ಕಂದುಬಣ್ಣಕ್ಕೆ ತಿರುಗಿ ಉದುರುತ್ತಿವೆ. ಕೆರೆದು ಹೊಸ ರೇಡಿಯಂ ಹಾಕಿಸಲೇ?
— ಓದುಗರು, ಪಾವಗಡ

ಉತ್ತರ: ದಯವಿಟ್ಟು ಬೇಡ. ವಾಚನ್ನು ಮನೆಯಲ್ಲಿ ತೆರೆಯಲೂಬೇಡಿ. ಈಗಿನ ಅಂಗಡಿಗಳಲ್ಲಿ ಹಾಕುವುದು ಬೆಳಕು ಹೀರಿ ಹೊಳೆಯುವ ಬಣ್ಣ, ಅದರಲ್ಲಿ ತೊಂದರೆಯಿಲ್ಲ. ಆದರೆ ಆ ಕಾಲದ ವಾಚುಗಳಲ್ಲಿ ಇರುತ್ತಿದ್ದದ್ದು ನಿಜವಾದ ರೇಡಿಯಂ. ಹೊಳಪು ನಿಂತಿದೆ ಅಂದಮಾತ್ರಕ್ಕೆ ವಿಕಿರಣ ನಿಂತಿಲ್ಲ. ಕೆಟ್ಟಿರುವುದು ಹೊಳೆಯುವ ಪುಡಿ ಮಾತ್ರ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅಪಾಯ ಇರುವುದು ಅದರ ಧೂಳು ಉಸಿರಿಗೋ ಬಾಯಿಗೋ ಹೋದಾಗ. ಹೀಗೆ ಡಯಲ್‌ಗೆ ರೇಡಿಯಂ ಹಚ್ಚುತ್ತಿದ್ದ ಅಮೆರಿಕದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ದವಡೆಯ ಮೂಳೆ ಕೊಳೆತು ನರಳಿದರು, ಹಲವರು ಸತ್ತರು. 1920ರ ದಶಕದಲ್ಲಿ ಅವರು ಕೋರ್ಟಿಗೂ ಹೋದರು. ಡಯಲ್ ಮುಂದೆ ಕೂತು ದುಡಿದವಳಾಗಿ ಅವರನ್ನು ನೆನೆಯದೆ ಇಂಥ ಪ್ರಶ್ನೆಗೆ ಉತ್ತರ ಬರೆಯಲು ನನ್ನಿಂದ ಆಗುವುದಿಲ್ಲ.

ಗಾಜು ಮುಚ್ಚಿದ ಹಾಗೇ ಒಂದು ಗಟ್ಟಿ ಡಬ್ಬಿಯಲ್ಲಿಟ್ಟು, ಮಲಗುವ ಕೋಣೆಯಿಂದ ದೂರ ಇಡಿ. ಮಕ್ಕಳ ಕೈಗೆ ಸಿಗದಿರಲಿ. ರಿಪೇರಿಗೆ ಕೊಡಲೇಬೇಕಾದರೆ ‘ಇದರಲ್ಲಿ ರೇಡಿಯಂ ಇದೆ’ ಎಂದು ಮೊದಲೇ ಹೇಳಿ. ಅದು ಗೊತ್ತಿರದೆ ಮೇಜಿನ ಮೇಲೆ ಉಫ್ ಎಂದು ಊದುವುದು ಅವರೇ.

ಪ್ರಶ್ನೆ: ಕೀ ಜಾಸ್ತಿ ಕೊಟ್ಟರೆ ಸ್ಪ್ರಿಂಗ್ ಹೋಗುತ್ತದೆ ಅನ್ನುತ್ತಾರೆ, ನಿಜವೇ?
— ಕಾಲೇಜು ವಿದ್ಯಾರ್ಥಿನಿ, ಶಿರಾ

ಉತ್ತರ: ಪೂರ್ತಿ ಕೀ ಕೊಡುವುದರಿಂದ ಕೆಡುವುದಿಲ್ಲ, ಗಟ್ಟಿ ಹತ್ತಿದ ಮೇಲೂ ಬಲವಂತ ಮಾಡಿದರೆ ಕೆಡುತ್ತದೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ವಾಚನ್ನು ಕೈಯಿಂದ ಬಿಚ್ಚಿ ಹಿಡಿದುಕೊಂಡು ಕೊಡಿ. ಕಟ್ಟಿಕೊಂಡೇ ಕೊಟ್ಟರೆ ಕೀ ಕಡ್ಡಿಯ ಮೇಲೆ ಓರೆಯಾಗಿ ಒತ್ತಡ ಬೀಳುತ್ತದೆ. ಬೆರಳಿಗೆ ಗಟ್ಟಿ ತಾಕಿದ ಕೂಡಲೇ ನಿಲ್ಲಿಸಿ. ಎಷ್ಟು ತಿರುಗಿಸಿದರೂ ಗಟ್ಟಿಯೇ ಆಗದೆ ಸುಮ್ಮನೆ ತಿರುಗುತ್ತಲೇ ಇದ್ದರೆ ಸ್ಪ್ರಿಂಗ್ ಆಗಲೇ ತುಂಡಾಗಿರಬಹುದು, ರಿಪೇರಿಗೆ ಕೊಡಿ.