ಪ್ರತಿಕ್ರಿಯೆ: ಟೆಂಡರ್ ಸಲ್ಲಿಕೆಗೆ ಮೊದಲೇ ಸಂಪರ್ಕಿಸಿ

ಸರ್ಕಾರಿ ಟೆಂಡರ್ ಗೆದ್ದ ದೊಡ್ಡ ಗುತ್ತಿಗೆದಾರರಿಗೆ ಎಷ್ಟು ಪತ್ರ ಬರೆದರೂ ನಿಮ್ಮ ಸಣ್ಣ ಉದ್ಯಮಕ್ಕೆ ಉಪಗುತ್ತಿಗೆ (ಅವರ ಕೆಲಸದ ಒಂದು ಭಾಗವನ್ನು ಮಾಡಿಕೊಡುವ ಗುತ್ತಿಗೆ) ಸಿಗುತ್ತಿಲ್ಲವೇಕೆ ಎಂದು ಕೇಳಿದ್ದೀರಿ. ಬಹುಶಃ ನೀವು ತಡವಾಗಿ ಸಂಪರ್ಕಿಸುತ್ತಿರುವುದೇ ಕಾರಣ, ಏಕೆಂದರೆ ಅವರು ದರ ನಮೂದಿಸುವ ಹಂತದಲ್ಲೇ ಉಪಗುತ್ತಿಗೆದಾರರನ್ನು ಬಹುಮಟ್ಟಿಗೆ ಆರಿಸಿಕೊಂಡಿರುತ್ತಾರೆ. ಮೊದಲು ಹಿಂದಿನ ಗುತ್ತಿಗೆಗಳ ಪ್ರಕಟಣೆಗಳನ್ನು ನೋಡಿ, ನಿಮ್ಮ ಕ್ಷೇತ್ರದ ಕೆಲಸಗಳನ್ನು ಪದೇ ಪದೇ ಪಡೆಯುವ ನಾಲ್ಕೈದು ಸಂಸ್ಥೆಗಳನ್ನು ಗುರುತಿಸಿ. ಹೊಸ ಟೆಂಡರ್ ಪ್ರಕಟವಾದ ಕೂಡಲೇ ಅದರಲ್ಲಿ ಉಪಗುತ್ತಿಗೆಗೆ ಅನುಮತಿ, ಮಿತಿ ಏನಿದೆ ಎಂದು ಓದಿಕೊಂಡು, ಯಾವ ಭಾಗವನ್ನು ಎಷ್ಟು ದಿನಗಳಲ್ಲಿ, ಯಾವ ದರಕ್ಕೆ ಮಾಡಿಕೊಡಬಲ್ಲಿರಿ ಎಂಬುದನ್ನು ಒಂದೇ ಪುಟದಲ್ಲಿ ಬರೆದು, ಪೂರ್ಣಗೊಳಿಸಿದ ಕೆಲಸಗಳ ಪ್ರಮಾಣಪತ್ರಗಳೊಂದಿಗೆ ಆ ಸಂಸ್ಥೆಗಳ ಖರೀದಿ ವಿಭಾಗಕ್ಕೆ ಕಳುಹಿಸಿ. ಉಪಗುತ್ತಿಗೆಯ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಸರ್ಕಾರದಿಂದ ಹಣ ಬಂದ ಮೇಲಷ್ಟೇ ನಿಮಗೆ ಪಾವತಿ ಎಂಬ ಷರತ್ತಿದೆಯೇ ಎಂದು ದಯವಿಟ್ಟು ಪರಿಶೀಲಿಸಿ. ಸಣ್ಣ ಉದ್ಯಮಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಆ ಷರತ್ತು ಇದ್ದರೆ, ಪಾವತಿಗೆ ಗರಿಷ್ಠ ಕಾಲಮಿತಿಯನ್ನು ಬರೆಸಿಕೊಳ್ಳಿ.