ಜೀವನಾಂಶ: ಕೈಗೆ ಬರುವ ಸಂಬಳವೋ, ಪೂರ್ತಿ ಸಂಬಳವೋ?

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: ಏಳು ವರ್ಷದ ಮಗಳ ಜೊತೆ ತವರಿನಲ್ಲಿದ್ದೇನೆ. ಗಂಡನ ಸಂಬಳ 58,000 ರೂಪಾಯಿ. ಕಡಿತವೆಲ್ಲ ಹೋಗಿ ಕೈಗೆ 21,000 ಬರುತ್ತದೆ ಅನ್ನುತ್ತಾರೆ. ಕೋರ್ಟು ಮೂರನೇ ಒಂದು ಪಾಲು ಕೊಡಿಸುತ್ತದಂತೆ. ಯಾವುದರಲ್ಲಿ? ನನಗೆ ಹೊಲಿಗೆಯಿಂದ ಆರು ಸಾವಿರ ಬರುತ್ತದೆ, ಹೇಳಲೇಬೇಕಾ?

ಮೂರನೇ ಒಂದು ಪಾಲು ಅನ್ನುವ ಮಾತು ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲ. ಜೀವನಾಂಶ ಕೊಡಿಸುವ ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಮಿನಲ್ಲೂ ಇಲ್ಲ, 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ರಲ್ಲೂ ಇಲ್ಲ. 2017ರಲ್ಲಿ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಗಂಡನ ನಿವ್ವಳ ಸಂಬಳದ 25% ಸರಿ ಎಂದಿತು. ಅಲ್ಲಿಂದ ‘ಕಾಲು ಭಾಗ’ ಅನ್ನುವುದು ವಕೀಲರ ಬಾಯಲ್ಲಿ ಓಡಾಡುತ್ತಿದೆ. ಅದೊಂದು ಅಂದಾಜು, ಅಷ್ಟೆ.

ನೀವು ಕಳಿಸಿದ ಗಂಡನ ಸಂಬಳದ ಚೀಟಿಯ ಬಲಗಡೆ ನೋಡಿ. ಪಿಎಫ್ 1,800, ವೃತ್ತಿ ತೆರಿಗೆ 200. ಇವೆರಡು ಕಾನೂನಿನ ಕಡಿತ, ಕಳೆಯಲೇಬೇಕು. ಅದರ ಕೆಳಗೆ ಸೊಸೈಟಿ ಸಾಲ 25,000, ತಾವಾಗಿ ಕಟ್ಟುವ ಹೆಚ್ಚುವರಿ ಪಿಎಫ್ 10,000. ಎರಡನೆಯದು ಉಳಿತಾಯ ಅಲ್ವಾ? ಇಂಥವನ್ನು ಕೋರ್ಟುಗಳು ಸಾಮಾನ್ಯವಾಗಿ ಕಳೆಯುವುದಿಲ್ಲ. ಸಾಲ ನಿಜವಾಗಿ ಮನೆಗಾಗಿ ಮಾಡಿದ್ದಾದರೆ ಸ್ವಲ್ಪ ಗಮನಿಸಬಹುದು. ಹಾಗಾಗಿ ಮಾತು ಶುರುವಾಗುವುದು 56,000ದಿಂದ, 21,000ದಿಂದಲ್ಲ. ಆಮೇಲೆ ಅವರ ಅಪ್ಪ ಅಮ್ಮನ ಖರ್ಚು, ನಿಮ್ಮ ಅಗತ್ಯ, ನೀವಿಬ್ಬರೂ ಒಟ್ಟಿಗಿದ್ದಾಗ ಬದುಕು ಹೇಗಿತ್ತು ಎಲ್ಲ ನೋಡುತ್ತಾರೆ. ಮಗಳ ಖರ್ಚನ್ನು ಬೇರೆಯಾಗಿಯೇ ಬರೆಯಿರಿ. ಸ್ಕೂಲ್ ಫೀಸಿನ ರಸೀದಿ, ಆಟೋ, ಟ್ಯೂಷನ್, ಔಷಧಿ ಚೀಟಿ ಯಾವುದನ್ನೂ ಬಿಸಾಡಬೇಡಿ.

ಹೊಲಿಗೆಯ ಆರು ಸಾವಿರ ಹೇಳಲೇಬೇಕು. ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ದುಡಿಯುತ್ತೀರಿ ಅಂದಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ. ಹಾಗಂತ ಖರ್ಚನ್ನು ಉಬ್ಬಿಸಲೂ ಬೇಡಿ. 2024ರಲ್ಲಿ ತಿಂಗಳಿಗೆ 6 ಲಕ್ಷ ಚಿಲ್ಲರೆ ಕೇಳಿದ ಪಟ್ಟಿಯೊಂದಕ್ಕೆ ನಮ್ಮ ಹೈಕೋರ್ಟಿನಲ್ಲಿ ಎಂಥ ತರಾಟೆ ಆಯಿತು ಅಂತ ನೀವೂ ವಿಡಿಯೋದಲ್ಲಿ ನೋಡಿರಬಹುದು.

‘ಹಬ್ಬ ಮುಗಿಯಲಿ, ಆಮೇಲೆ ಅರ್ಜಿ ಹಾಕುತ್ತೇನೆ’ ಎಂದೂ ಬರೆದಿದ್ದೀರಿ. ಬೇಡ. ಅದೇ ರಜನೇಶ್–ನೇಹಾ ತೀರ್ಪಿನ ಪ್ರಕಾರ ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ಸುಮ್ನೆ ಕಾದ ತಿಂಗಳುಗಳ ದುಡ್ಡು ಸಿಗುವುದಿಲ್ಲ. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಆದಾಯದ ಮಿತಿ ಇಲ್ಲ. ಹೋಗುವಾಗ ಆ ಸಂಬಳದ ಚೀಟಿ ಮರೆಯಬೇಡಿ.